ಯುಗಾದಿಗೆ ಬಂದ ಕಾಶ್ಮೀರದ ಹಕ್ಕಿ

(ಸಂಘದ ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಹೋದ ತಿಂಗಳು ಇದೇ ಜಾಗದಲ್ಲಿ ಸಿರಿಧಾನ್ಯದ ಅಡುಗೆ ಕಲಿತೆವು, ಅದರ ಹಿಂದಿನ ತಿಂಗಳು ಮ್ಯೂಚುವಲ್ ಫಂಡ್. ಎರಡರಿಂದಲೂ ಮನೆಗೆ ಏನಾದರೂ ಲಾಭ ಇತ್ತು. ಹಕ್ಕಿ ನೋಡುವುದರಿಂದ ಏನು ಲಾಭ ಅಂತ ನನ್ನನ್ನು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಸಂಚಾಲಕಿಯವರು ಫೋನ್ ಮಾಡಿದಾಗಲೂ ಅದನ್ನೇ ಹೇಳಿದೆ. "ಪರವಾಗಿಲ್ಲ, ಇಪ್ಪತ್ತು ನಿಮಿಷ ಮಾತಾಡು, ಆಮೇಲೆ ಚಹಾ ಇದೆ" ಅಂದರು. ಹಾಗಾಗಿ ನನಗೂ ಚಹಾಕ್ಕೂ ನಡುವೆ ಇರುವುದು ಒಂದು ಹಕ್ಕಿ ಮಾತ್ರ.

ನನ್ನ ಬಗ್ಗೆ ಎರಡು ಮಾತು. ಊರು ನವಲಗುಂದದ ಹತ್ತಿರ ಒಂದು ಹಳ್ಳಿ. ಓದಿದ್ದು ಎಂಟೆಕ್, ಸಿಗ್ನಲ್ ಪ್ರೊಸೆಸಿಂಗ್. ಪುಣೆಗೆ ಬಂದು ಹನ್ನೊಂದು ವರ್ಷವಾಯಿತು, ಹಿಂಜವಡಿಯಲ್ಲಿ ಕೆಲಸ. ಹಿಂಜವಡಿ ಅಂದ ಕೂಡಲೇ ಇಲ್ಲಿ ಕೂತವರಲ್ಲಿ ಅರ್ಧ ಜನ ನಿಟ್ಟುಸಿರು ಬಿಟ್ಟಿರಿ, ಅಂದರೆ ಆ ಟ್ರಾಫಿಕ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಹಕ್ಕಿಯ ಹುಚ್ಚು ಹಿಡಿದದ್ದು 2020ರಲ್ಲಿ. ಮನೆಯಿಂದಲೇ ಕೆಲಸ, ದಿನವಿಡೀ ಕಾಲ್. ನನ್ನ ಮೇಜಿನ ಎದುರಿನ ಕಿಟಕಿಯ ಹೊರಗೆ ಒಂದು ಮಳೆಮರ. ಆ ಮರದಲ್ಲಿ ದಿನಾ ಬೆಳಿಗ್ಗೆ ಯಾರೋ "ಚೀ-ವೀ, ಚೀ-ವೀ" ಅನ್ನುತ್ತಿದ್ದರು. ಕಾಣುತ್ತಿರಲಿಲ್ಲ. ಎರಡು ವಾರ ಹುಡುಕಿದ ಮೇಲೆ ಕಂಡಿತು: ಎಲೆಯ ಬಣ್ಣದ್ದೇ, ಎಲೆಯಷ್ಟೇ ದೊಡ್ಡದು, ಒಂದು ಕ್ಷಣ ನಿಲ್ಲದ ಒಂದು ಹಕ್ಕಿ. ಹಸಿರು ಎಲೆ ಉಲಿಯಕ್ಕಿ. ಅದರ ತೂಕ ಏಳೆಂಟು ಗ್ರಾಂ. ನಿಮ್ಮ ಪರ್ಸಿನಲ್ಲಿ ಹತ್ತು ರೂಪಾಯಿ ನಾಣ್ಯ ಇದ್ದರೆ ಒಮ್ಮೆ ಅಂಗೈ ಮೇಲೆ ಇಟ್ಟುಕೊಳ್ಳಿ, ಅದರ ತೂಕ 7.7 ಗ್ರಾಂ. ಅಷ್ಟೇ ಭಾರದ ಜೀವ ಹಿಮಾಲಯದಿಂದಲೋ, ಅದಕ್ಕೂ ಆಚೆ ಮಧ್ಯ ಏಷ್ಯಾದಿಂದಲೋ, ರಷ್ಯಾದ ಕಾಡುಗಳಿಂದಲೋ ಹಾರಿ ಬಂದು, ನನ್ನ ಕಿಟಕಿಯ ಮುಂದೆ ಹುಳ ತಿನ್ನುತ್ತಿತ್ತು. ನಾನು ಒಳಗೆ ಕೂತು "ಆಮ್ ಐ ಆಡಿಬಲ್?" ಅನ್ನುತ್ತಿದ್ದೆ. ಏಪ್ರಿಲ್ ಕೊನೆಗೆ ಒಂದು ದಿನ ಆ ಸದ್ದು ಇರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳದೆ ಹೋದ ಬಾಡಿಗೆದಾರರ ಹಾಗೆ ಅನ್ನಿಸಿತು. ಅಕ್ಟೋಬರದಲ್ಲಿ ಮತ್ತೆ ಅದೇ ಮರದಲ್ಲಿ "ಚೀ-ವೀ". ಅದೇ ಹಕ್ಕಿಯೇ ಬಂದಿತೋ ಬೇರೆಯದೋ ನಾನು ಹೇಳಲಾರೆ, ಅದರ ಕಾಲಿಗೆ ಉಂಗುರ ಇರಲಿಲ್ಲ. ಆದರೆ ಉಂಗುರ ಹಾಕಿ ನೋಡಿದವರು ಇದ್ದಾರೆ. ಹೀಗೆ ಗುರುತು ಮಾಡಿದ ಒಂದು ಬೂದು ಸಿಪಿಲೆ ಮುಂಬೈನ ಒಂದೇ ಹುಲ್ಲುಹಾಸಿಗೆ ವರ್ಷ ವರ್ಷವೂ ಮರಳಿ ಬಂದದ್ದನ್ನು ಸಲೀಂ ಅಲಿ ಬರೆದಿದ್ದಾರೆ. ಮುಂಬೈಯಲ್ಲಿ ಒಮ್ಮೆ ಬಿಟ್ಟ ಮನೆಗೆ ದಾರಿ ಹುಡುಕಿಕೊಂಡು ವಾಪಸ್ ಹೋಗುವುದು ನಮಗೇ ಕಷ್ಟ.

ಎಲ್ಲರೂ ಹಕ್ಕಿ ನೋಡಲು ಚಳಿಗಾಲ ಒಳ್ಳೆಯದು ಅನ್ನುತ್ತಾರೆ. ಭಿಗ್ವಣಕ್ಕೆ ಹೋಗಿ ರಾಜಹಂಸ ನೋಡಿ ಬಂದವರು ಇಲ್ಲಿ ಬಹಳ ಜನ ಇದ್ದೀರಿ. ನನಗೆ ಮಾತ್ರ ಮಾರ್ಚ್-ಏಪ್ರಿಲ್ ಇಷ್ಟ. ಬಂದವರೆಲ್ಲ ಹೊರಡುವ ಹೊತ್ತು ಅದು. ದಕ್ಷಿಣದಲ್ಲಿ, ಶ್ರೀಲಂಕಾದಲ್ಲಿ, ನೀಲಗಿರಿಯಲ್ಲಿ ಚಳಿಗಾಲ ಕಳೆದವರು ಉತ್ತರಕ್ಕೆ ಹೋಗುತ್ತ ದಾರಿಯಲ್ಲಿ ಇಲ್ಲಿ ಒಂದೆರಡು ದಿನ ಇಳಿಯುತ್ತಾರೆ. ಮೇಲಾಗಿ ಮದುವೆಯ ಬಟ್ಟೆ ತೊಟ್ಟಿರುತ್ತಾರೆ. ಡಿಸೆಂಬರಿನಲ್ಲಿ ಮಣ್ಣಿನ ಬಣ್ಣದಲ್ಲಿದ್ದ ಹಳದಿ ಸಿಪಿಲೆ ಮಾರ್ಚ್ ಕೊನೆಗೆ ಅರಿಶಿನದಲ್ಲಿ ಅದ್ದಿದ ಹಾಗೆ ಆಗಿರುತ್ತದೆ.

ವೇತಾಳ ಟೇಕಡಿಗೆ ನೀವು ವಾಕಿಂಗ್ ಹೋಗಿರುತ್ತೀರಿ. ಪುಣೆಯ ಊರೊಳಗಿನ ಅತಿ ಎತ್ತರದ ಗುಡ್ಡ ಅದು. ಮಾರ್ಚ್‌ನಲ್ಲಿ ಮುತ್ತುಗ, ಬೂರುಗ, ಹಾಲವಾಣ ಹೂ ಬಿಟ್ಟ ಜಾಗಕ್ಕೆ ಬೆಳಿಗ್ಗೆ ಏಳರ ಒಳಗೆ ಹೋಗಿ. ಗುಲಾಬಿ ಕಬ್ಬಕ್ಕಿಗಳ ಹಿಂಡು ಕಾಣುತ್ತದೆ, ತಲೆ ರೆಕ್ಕೆ ಕಪ್ಪು, ಮೈ ತಿಳಿಗುಲಾಬಿ. ಮರಾಠಿಯಲ್ಲಿ ಅವುಗಳಿಗೆ 'ಪಳಸ ಮೈನಾ' ಅನ್ನುತ್ತಾರೆ, ಅಂದರೆ ಮುತ್ತುಗದ ಮೈನಾ. ಮಳೆಗಾಲ ಇನ್ನೂ ಮುಗಿಯುವ ಮೊದಲೇ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಬಂದು, ಏಪ್ರಿಲ್‌ನಲ್ಲಿ ಹಿಂತಿರುಗುತ್ತವೆ. ಅಲ್ಲಿ ಮಿಡತೆ ತಿಂದು ರೈತರಿಗೆ ಉಪಕಾರ, ಇಲ್ಲಿ ಜೋಳ ತಿಂದು ರೈತರಿಗೆ ಉಪದ್ರವ. ನನ್ನ ಅವ್ವನಿಗೆ ಮೊದಲ ಸಲ ಈ ಹಿಂಡು ತೋರಿಸಿದಾಗ ನಾನು ನಿರೀಕ್ಷಿಸಿದ್ದು "ಆಹಾ" ಅನ್ನುವ ಉದ್ಗಾರ. ಅವ್ವ ಅಂದದ್ದು, "ಇವs ಅಲ್ಲೇನ ನಮ್ಮ ಸೀತನಿ ತಿಂದು ಹಾಕ್ತಿದ್ದವು! ಅಟ್ಟಣಗಿ ಮ್ಯಾಲೆ ನಿಂತು ಕವಣಿ ಬೀಸಿ ಬೀಸಿ ನನ್ನ ರಟ್ಟಿ ಹೋಗಿದ್ದವು." ಐವತ್ತು ವರ್ಷದ ಹಳೆಯ ವೈರಿಯನ್ನು ಪುಣೆಯಲ್ಲಿ ಹಿಡಿದ ಹಾಗೆ ಅವುಗಳನ್ನು ನೋಡಿದಳು.

ಅವ್ವನ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ಈ ಕಥೆಯಲ್ಲಿ ಹಕ್ಕಿ ಕಂಡದ್ದು ಅವಳಿಗೆ, ತಪ್ಪು ಮಾಡಿದ್ದು ನಾನು.

ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆ ಇರಲು ಬಂದಳು. ಏಳನೇ ಮಹಡಿ. ಮರಾಠಿ ಬರುವುದಿಲ್ಲ, ಹಿಂದಿ ಬರುವುದಿಲ್ಲ. ಒಂದು ಕಣ್ಣಿಗೆ ಪೊರೆ ತೆಗೆಸಿದೆ, ಇನ್ನೊಂದು ಮಂಜು. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಸಂಜೆಯವರೆಗೆ ಅಲ್ಲೇ. ಟಿವಿ ಹಾಕಿ ಕೊಟ್ಟರೆ ಬಂದ್ ಮಾಡುತ್ತಿದ್ದಳು. ನಾನು ಆಫೀಸಿನಿಂದ ಬಂದು "ಏನ ಮಾಡಿದಿ ಇವತ್ತ?" ಅಂತ ಕೇಳಿದರೆ "ಏನ ಮಾಡ್ಲಿ" ಅನ್ನುವುದು ಒಂದೇ ಉತ್ತರ. ಇಂಥ ಉತ್ತರ ನಿಮ್ಮಲ್ಲಿ ಹಲವರ ಮನೆಯಲ್ಲೂ ಇರಬಹುದು. ಒಂದು ದಿನ ಹಾಗೇ ಅಂದಳು, "ಮುಂಜಾನೆ ಒಂದು ಪಕ್ಷಿ ಹೊಲಿಗಿ ಮಷಿನ್ನಿನ ಗಾಲಿ ತಿರುವಿದಂಗ ಸದ್ದು ಮಾಡತೈತಿ. ಯಾವುದದು?" ನಾನು ಮಾರನೇ ದಿನ ಬೇಗ ಎದ್ದು ಕೇಳಿದೆ. "ಟ್ರ್‌ರ್‌ರ್" ಅನ್ನುವ ಒಣ ಸದ್ದು. ಕೆಂಪೆದೆಯ ನೊಣಹಿಡುಕ. ನಾನು ಐದು ವರ್ಷದಿಂದ ಹಕ್ಕಿ ನೋಡುವವಳು, ನನ್ನದೇ ಬಾಲ್ಕನಿಯಲ್ಲಿ ಅದು ಇರುವುದು ನನಗೆ ಗೊತ್ತಿರಲಿಲ್ಲ. ಕಣ್ಣು ಮಂಜಾದವಳ ಕಿವಿ ಅದು.

ಅವತ್ತಿನಿಂದ ಶನಿವಾರ ಭಾನುವಾರ ಅವ್ವನೂ ನನ್ನ ಜೊತೆ. ಗುಡ್ಡ ಹತ್ತಲು ಮೊಣಕಾಲು ಬಿಡುವುದಿಲ್ಲ, ಹಾಗಾಗಿ ಕಾರು ಹೋಗುವ, ಆಮೇಲೆ ಸಮತಟ್ಟಾಗಿ ನಡೆಯುವ ಜಾಗಗಳನ್ನು ಹುಡುಕಿದೆ. ಊರ ಹೊರಗೆ ಹಾಗೆ ಒಂದು ಹಳ್ಳ ಸಿಕ್ಕಿತು. ಎಲ್ಲಿ ಅಂತ ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಅನ್ನುವುದೇ ಇವತ್ತಿನ ಭಾಷಣ.

ಮಾರ್ಚ್‌ನಲ್ಲಿ ಆ ಹಳ್ಳ ಒಣಗಿರುತ್ತದೆ, ಬಂಡೆಯ ಸಂದಿಯಿಂದ ಜಿನುಗಿ ಒಂದು ಪರಾತದಷ್ಟು ನೀರು ನಿಂತಿರುತ್ತದೆ, ಅದರ ಮೇಲೆ ಎರಡು ಹೊಂಗೆ ಮರ. ಸುತ್ತ ಎಲ್ಲ ಬೋಳಾಗಿರುವಾಗ ಹೊಂಗೆಗೆ ಹೊಸ ಚಿಗುರು, ಚಿಗುರಿಗೆ ಹುಳ. ಪರಾತದಷ್ಟು ನೀರಿಗೆ ಒಂದು ಬೆಳಿಗ್ಗೆ ಹದಿನೆಂಟು ಜಾತಿಯ ಹಕ್ಕಿ ಬಂದದ್ದನ್ನು ನಾವು ಎಣಿಸಿದ್ದೇವೆ. ಅವ್ವ ಒಂದು ಬಂಡೆಯ ಮೇಲೆ ಸೊಲ್ಲಾಪುರದ ಚಾದರ ಮಡಿಸಿ ಹಾಕಿಕೊಂಡು ಕೂತುಬಿಡುತ್ತಿದ್ದಳು. ಹಕ್ಕಿ ನೋಡಲು ಬೇಕಾದ ದೊಡ್ಡ ಗುಣ ಅವಳಲ್ಲಿತ್ತು, ಅಲುಗಾಡದೆ ಕೂರುವುದು. ನನಗೆ ಇವತ್ತಿಗೂ ಅದು ಬಂದಿಲ್ಲ, ಹತ್ತು ನಿಮಿಷಕ್ಕೊಮ್ಮೆ ಕೈ ಫೋನಿಗೆ ಹೋಗುತ್ತದೆ.

2025ರ ಯುಗಾದಿ ಮಾರ್ಚ್ 30, ಭಾನುವಾರ ಇತ್ತು. ಹಿಂದಿನ ದಿನ ಶನಿವಾರ, ಅಮಾವಾಸ್ಯೆ. "ಅಮಾಸಿ ದಿವ್ಸ ಎಲ್ಲಿ ಹೊಂಟಿ" ಅಂತ ಗೊಣಗುತ್ತಲೇ ಅವ್ವ ಬಂದಳು. ಏಳೂವರೆ ಹೊತ್ತಿಗೆ ನೀರಿನ ಹತ್ತಿರ ಪಿಕಳಾರಗಳ ಗಲಾಟೆ ಮುಗಿದು ಸ್ವಲ್ಪ ಶಾಂತವಾಗಿತ್ತು. ಹೊಂಗೆಯ ಕೆಳಗಿನ ಟೊಂಗೆಯಲ್ಲಿ ಒಂದು ನೊಣಹಿಡುಕ ಬಂದು ಕೂತಿತು. ಬಾಲ ಮೇಲೆತ್ತಿ ಇಳಿಸಿತು, ಬಾಲದ ಬುಡದ ಎರಡೂ ಪಕ್ಕ ಬಿಳಿ ಮಿಂಚಿತು. ಎದೆ ಕೆಂಪು. ನಾನು ಡೈರಿಯಲ್ಲಿ "ಕೆಂಪೆದೆ ನೊಣಹಿಡುಕ, ಗಂಡು, 1" ಅಂತ ಬರೆದು ಮುಗಿಸಿದೆ. ಇದೇ ನಮ್ಮ ಐಟಿಯವರ ರೋಗ. ಲೇಬಲ್ ಸಿಕ್ಕರೆ ಟಿಕೆಟ್ ಕ್ಲೋಸ್.

ಅವ್ವ ಬೈನಾಕ್ಯುಲರ್ ಇಳಿಸಲೇ ಇಲ್ಲ. ಅವಳು ಅದನ್ನು ಒಂದೇ ಕಣ್ಣಿಗೆ ಹಿಡಿಯುತ್ತಾಳೆ, ಪೊರೆ ತೆಗೆಸಿದ ಕಣ್ಣಿಗೆ. ಆಮೇಲೆ ನಿಧಾನಕ್ಕೆ ಅಂದಳು, "ಇದು ನಮ್ಮ ಬಾಲ್ಕನಿದು ಅಲ್ಲವಾ. ಇದು ಇಳಕಲ್ ಸೀರಿ ಉಟ್ಟೈತಿ. ಕೆಂಪು ಮೈ, ಕರಿ ಅಂಚು."

ನಾನು ಮತ್ತೆ ನೋಡಿದೆ. ಕೆಂಪು ಗಂಟಲಿಗೆ ನಿಂತಿರಲಿಲ್ಲ, ಎದೆ ದಾಟಿ ಹೊಟ್ಟೆಯವರೆಗೆ ಇಳಿದಿತ್ತು. ಅದರ ಎರಡೂ ಬದಿಗೆ ಕತ್ತಿನಿಂದ ಕೆಳಗೆ ಕಪ್ಪು ಗೆರೆ. ನನ್ನ ಕೈ ನಡುಗಿತು. ಇದನ್ನು ನಾನು ಪುಸ್ತಕದ ಪುಟದಲ್ಲಿ ಎಷ್ಟೋ ಸಲ ನೋಡಿದ್ದೆ.

ಕಾಶ್ಮೀರ ನೊಣಹಿಡುಕ. ಇದು ಮರಿ ಮಾಡುವುದು ವಾಯವ್ಯ ಹಿಮಾಲಯದಲ್ಲಿ, ಮುಖ್ಯವಾಗಿ ಕಾಶ್ಮೀರದ ಕಾಡುಗಳಲ್ಲಿ, ಬೇರೆಲ್ಲೂ ಇಲ್ಲ. ಚಳಿಗಾಲಕ್ಕೆ ಹೋಗುವುದು ಶ್ರೀಲಂಕಾದ ಬೆಟ್ಟಸೀಮೆಗೆ, ನಮ್ಮ ನೀಲಗಿರಿಯ ಕಡೆಗೆ. ಶ್ರೀಲಂಕಾದ ನುವಾರಾ ಎಲಿಯದಲ್ಲಿ ವಿಕ್ಟೋರಿಯಾ ಪಾರ್ಕ್ ಅಂತ ಒಂದು ಊರಿನ ಉದ್ಯಾನ ಇದೆ, ಈ ಒಂದು ಹಕ್ಕಿಗಾಗಿ ಅಲ್ಲಿಗೆ ದೇಶವಿದೇಶದಿಂದ ಜನ ಹೋಗುತ್ತಾರೆ. ಅಲ್ಲಿಂದ ಶ್ರೀನಗರಕ್ಕೆ ನೇರ ಗೆರೆ ಎಳೆದರೆ ಸುಮಾರು 3,000 ಕಿಲೋಮೀಟರ್. ಹೋಗುವ ಬರುವ ದಾರಿಯಲ್ಲಿ ಅದು ದಖ್ಖನ್ ಮೇಲೆ ಹಾರಿಹೋಗುವುದು ಸಹಜ. ಆದರೆ ಹಾರುವುದು ರಾತ್ರಿ. ಹಗಲು ಎಲ್ಲಿ ಇಳಿಯಿತು, ಯಾವ ಹಳ್ಳದಲ್ಲಿ ನೀರು ಕುಡಿಯಿತು, ಯಾರಿಗೂ ಕಾಣುವುದಿಲ್ಲ. ಕಂಡರೂ ನನ್ನ ಹಾಗೆ "ಕೆಂಪೆದೆ, 1" ಅಂತ ಬರೆದು ಮುಂದೆ ಹೋಗುತ್ತೇವೆ.

ಸ್ವಲ್ಪ ವಿಜ್ಞಾನ ಹೇಳುತ್ತೇನೆ, ಎರಡೇ ನಿಮಿಷ. ಈ ಪುಟ್ಟ ಹಕ್ಕಿಗಳು ರಾತ್ರಿ ಹಾರುವುದಕ್ಕೆ ಕಾರಣಗಳಿವೆ. ಗಾಳಿ ತಣ್ಣಗೆ, ಗಿಡುಗಗಳ ಕಾಟ ಕಡಿಮೆ, ಹಗಲು ಹೊಟ್ಟೆಗೆ ಹುಡುಕಲು ಬಿಡುವು. ದಾರಿಗೆ ನಕ್ಷತ್ರ ನೋಡುತ್ತವೆ. 1960ರ ದಶಕದಲ್ಲಿ ಸ್ಟೀಫನ್ ಎಮ್ಲೆನ್ ಎಂಬ ಅಮೆರಿಕದ ವಿಜ್ಞಾನಿ ಹಕ್ಕಿಗಳನ್ನು ತಾರಾಲಯದೊಳಗೆ ಇಟ್ಟು ಇದನ್ನು ಪರೀಕ್ಷಿಸಿದರು. ಆಲಿಕೆ ಆಕಾರದ ಕಾಗದದ ಗೂಡು, ತಳದಲ್ಲಿ ಶಾಯಿಯ ಪ್ಯಾಡ್. ವಲಸೆಯ ಕಾಲ ಬಂದಾಗ ಗೂಡಿನಲ್ಲಿದ್ದ ಹಕ್ಕಿಗೂ ನಿದ್ದೆ ಬರುವುದಿಲ್ಲ, ರಾತ್ರಿಯೆಲ್ಲ ಎತ್ತ ಹೋಗಬೇಕೋ ಅತ್ತಲೇ ಹಾರಿ ಹಾರಿ ಬೀಳುತ್ತದೆ. ಬೆಳಿಗ್ಗೆ ನೋಡಿದರೆ ಕಾಗದದ ಮೇಲೆ ಆ ದಿಕ್ಕಿಗೆ ಶಾಯಿಯ ಹೆಜ್ಜೆ ಗುರುತು. ಎಷ್ಟು ಸರಳ ಸಾಧನ ನೋಡಿ. ಎಂಟೆಕ್‌ನಲ್ಲಿ ನಾನು ಬಳಸಿದ ಲಕ್ಷಗಟ್ಟಲೆ ರೂಪಾಯಿಯ ಉಪಕರಣದಿಂದ ಇಷ್ಟು ಸ್ಪಷ್ಟ ಉತ್ತರ ನನಗೆ ಒಂದೂ ಸಿಕ್ಕಿಲ್ಲ.

ಇನ್ನೊಂದು ಮಾತು, ಇದು ಮುಖ್ಯ. ದೂರದ ಹಾರಾಟಕ್ಕೆ ಮುಂಚೆ ಈ ಹಕ್ಕಿಗಳು ತಿನ್ನುತ್ತಲೇ ಇರುತ್ತವೆ. ಮೈಯಲ್ಲಿ ಕೊಬ್ಬು ಕೂಡುತ್ತದೆ. ಕೆಲವು ಜಾತಿಗಳ ತೂಕ ಒಂದೂವರೆ ಪಟ್ಟು, ದೊಡ್ಡ ಮರುಭೂಮಿ ದಾಟುವವಕ್ಕೆ ಎರಡು ಪಟ್ಟಿನ ಹತ್ತಿರ ಆಗುವುದೂ ಉಂಟು. ಅದೇ ಪೆಟ್ರೋಲ್. ಹಾರುತ್ತ ಹೋದ ಹಾಗೆ ಅದು ಖರ್ಚಾಗುತ್ತದೆ. ಆಮೇಲೆ ಎಲ್ಲೋ ಇಳಿದು ಮತ್ತೆ ತುಂಬಿಕೊಳ್ಳಬೇಕು. ಹಾಗೆ ಇಳಿದ ಜಾಗದಲ್ಲಿ ಒಂದು ಬೆಳಿಗ್ಗೆ ಸರಿಯಾಗಿ ತಿನ್ನಲು ಆಗದಿದ್ದರೆ ಆ ರಾತ್ರಿ ಹೊರಡಲು ಕಷ್ಟವಾಗಬಹುದು, ಹೊರಟರೂ ದೂರ ಮುಟ್ಟದೆ ಇರಬಹುದು.

ಇದೆಲ್ಲ ನನಗೆ ಶನಿವಾರವೂ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದು ಕೇಳಿ.

ನನ್ನ ಹತ್ತಿರ ಇದ್ದದ್ದು ಸಾಧಾರಣ ಕ್ಯಾಮೆರಾ. ಮೂರು ಫೋಟೋ ತೆಗೆದೆ. ಎರಡರಲ್ಲಿ ಎಲೆ, ಒಂದರಲ್ಲಿ ಮಂಜು ಮಂಜಾಗಿ ಹಕ್ಕಿ. ಮರ್ಲಿನ್ ಆ್ಯಪ್ ಹಿಡಿದೆ. ಅದು ಸದ್ದನ್ನು ಚಿತ್ರವಾಗಿ ಮಾಡಿಕೊಂಡು, ಆ ಚಿತ್ರವನ್ನು ಓದಿ ಹಕ್ಕಿಯ ಹೆಸರು ಹೇಳುತ್ತದೆ. ನನ್ನ ಎಂಟೆಕ್ ವಿಷಯಕ್ಕೆ ಹತ್ತಿರದ್ದು, ಅದರ ಬಗ್ಗೆ ನನಗೆ ಬಹಳ ಗೌರವ. ಅವತ್ತು ಪಿಕಳಾರ, ಕಾಜಾಣ, ಮಡಿವಾಳ ಎಲ್ಲ ಹೇಳಿತು, ನಮ್ಮ ಹಕ್ಕಿಯ ಬಗ್ಗೆ ಸುಮ್ಮನಿತ್ತು. ಹಕ್ಕಿಯೂ ಸುಮ್ಮನಿತ್ತು ಅನ್ನಿ. ಮನೆಗೆ ಬಂದು ಹೋಳಿಗೆಯ ಬೇಳೆ ಕುಕ್ಕರಿಗೆ ಇಟ್ಟು, ಆ ಮಂಜು ಫೋಟೋವನ್ನು ಹಕ್ಕಿ ನೋಡುವವರ ಒಂದು ವಾಟ್ಸ್ಯಾಪ್ ಗುಂಪಿಗೆ ಹಾಕಿದೆ. ನಂಬುವುದಿಲ್ಲವೇನೋ ಅಂತ ಜಾಗದ ಲೊಕೇಶನ್ ಪಿನ್ ಕೂಡ ಹಾಕಿದೆ. ಮೂರನೇ ಸೀಟಿ ಆಗುವ ಹೊತ್ತಿಗೆ ನಲವತ್ತು ಹೆಬ್ಬೆರಳು. "ಗ್ರೇಟ್ ರೆಕಾರ್ಡ್ ಮ್ಯಾಡಂ!" "ಲೈಫರ್!" ಐದು ವರ್ಷದಲ್ಲಿ ಆ ಗುಂಪಿನಲ್ಲಿ ನನ್ನ ಒಂದು ಮಾತಿಗೂ ಉತ್ತರ ಬಂದಿರಲಿಲ್ಲ. ನಾನು ಹೇಳಿದ್ದನ್ನೇ ಅರ್ಧ ಗಂಟೆ ಬಿಟ್ಟು ಬೇರೆಯವರು ಹೇಳಿದರೆ ಬರುತ್ತಿತ್ತು. ಆಫೀಸಿನ ಮೀಟಿಂಗಿನಲ್ಲೂ ಇದೇ ಅನುಭವ ಇರುವ ಹೆಂಗಸರಿಗೆ ಅವತ್ತು ನನಗೆ ಹೇಗನ್ನಿಸಿತು ಅಂತ ವಿವರಿಸಬೇಕಾಗಿಲ್ಲ. ಬೇಳೆ ತಳ ಹಿಡಿಯಿತು. ನನಗೆ ಅದರ ಪರಿವೆಯೇ ಇರಲಿಲ್ಲ.

ಯುಗಾದಿ ಬೆಳಿಗ್ಗೆ ಬೇಗ ಎಣ್ಣೆ ಸ್ನಾನ ಮುಗಿಸಿ, ಬೇವು ಬೆಲ್ಲ ತಿಂದು, "ಒಂದs ತಾಸು, ನೋಡಿ ಬರೋಣು" ಅಂತ ಅವ್ವನೇ ಹೊರಟಳು. ಇಲ್ಲಿ ಮನೆ ಮನೆಗೆ ಗುಡಿ ಏರಿಸುತ್ತಿದ್ದರು. ಹಬ್ಬದ ದಿನ ಅಲ್ಲಿ ಯಾರೂ ಇರಲಿಕ್ಕಿಲ್ಲ ಅಂದುಕೊಂಡಿದ್ದೆ.

ಕಾರು ನಿಲ್ಲಿಸುವ ಜಾಗದಲ್ಲಿ ಒಂಬತ್ತು ಕಾರು ಇದ್ದವು.

ಹಳ್ಳದಲ್ಲಿ ಇಪ್ಪತ್ತೈದು ಮೂವತ್ತು ಜನ. ಟ್ರೈಪಾಡು, ಮೊಳಕಾಲುದ್ದದ ಲೆನ್ಸು. ಹೊಂಗೆಯ ಅಡ್ಡ ಬಂದ ಎರಡು ಟೊಂಗೆ ಯಾರೋ ಮುರಿದು ಹಾಕಿದ್ದರು. ಒಬ್ಬರ ಕೈಯಲ್ಲಿ ಬ್ಲೂಟೂತ್ ಸ್ಪೀಕರ್. ಅದರಲ್ಲಿ ಅದೇ ಜಾತಿಯ ಗಂಡಿನ ಕೂಗನ್ನು ಹಾಕುತ್ತಿದ್ದರು. ತನ್ನ ಜಾಗಕ್ಕೆ ಇನ್ನೊಬ್ಬ ಗಂಡು ಬಂದ ಅಂದುಕೊಂಡು ಹಕ್ಕಿ ಹೊರಗೆ ಬರುತ್ತದೆ, ಟೊಂಗೆಯ ತುದಿಗೆ ಕೂರುತ್ತದೆ, ಮೂವತ್ತು ಶಟರ್ ಒಟ್ಟಿಗೆ ಗಡಗಡ ಅನ್ನುತ್ತವೆ, ಅದು ಬೆದರಿ ಆಚೆ ಮರಕ್ಕೆ ಹೋಗುತ್ತದೆ, ಸ್ಪೀಕರ್ ಹಿಡಿದವರು ಆಚೆ ಮರದ ಕೆಳಗೆ ಹೋಗುತ್ತಾರೆ. ನಾನು ಗಡಿಯಾರ ನೋಡಿದೆ. ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ಅದು ಒಂದು ಹುಳ ಹಿಡಿದದ್ದು ನನಗೆ ಕಾಣಲಿಲ್ಲ. ನೀರಿಗೆ ಇಳಿಯಲೇ ಇಲ್ಲ.

ಅವ್ವನ ಬಂಡೆಯ ಮೇಲೆ ಯಾರದೋ ಕ್ಯಾಮೆರಾ ಚೀಲ ಇತ್ತು. ಅವಳು ನಿಂತೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ನಿಜವಾಗಿ ಅರ್ಥವಾಗದವಳ ಹಾಗೆ ಕೇಳಿದಳು: "ಉಣ್ಣಾಕ ಕುಂತವರ ಮುಂದ ಹಿಂಗ ನಿಂದರತಾರೇನ? ಇವರಿಗೆಲ್ಲಾ ಯಾರ ಹೇಳಿದರು ಇದು ಇಲ್ಲಿ ಐತಿ ಅಂತ?"

ಇದಕ್ಕೆ ಉತ್ತರ ನನ್ನ ಹತ್ತಿರ ಇತ್ತು, ಕನ್ನಡದಲ್ಲೇ ಇತ್ತು. ಬಾಯಿಂದ ಹೊರಡಲು ಸ್ವಲ್ಪ ಹೊತ್ತು ಹಿಡಿಯಿತು. "ನಾನs ಹೇಳೀನವ್ವ" ಅಂದೆ.

ಅವಳು ಏನೂ ಅನ್ನಲಿಲ್ಲ. ಸೆರಗು ಹೊದ್ದುಕೊಂಡು ಸುಮ್ಮನೆ ನಿಂತಳು. ನಾನು ಸ್ಪೀಕರಿನವರ ಹತ್ತಿರ ಹೋದೆ. ಹನ್ನೊಂದು ವರ್ಷದಲ್ಲಿ ನಾನು ಮರಾಠಿಯಲ್ಲಿ ತರಕಾರಿ ಚೌಕಾಸಿ ಮಾಡಿದ್ದೇನೆ, ರಿಕ್ಷಾದವರ ಹತ್ತಿರ ಜಗಳ ಆಡಿದ್ದೇನೆ, ಆದರೆ ಮೂವತ್ತು ಗಂಡಸರ ನಡುವೆ ನಿಂತು ಗಟ್ಟಿಯಾಗಿ ಮಾತಾಡಿರಲಿಲ್ಲ. "ಆವಾಜ್ ಬಂದ ಕರಾ" ಅಂದೆ, ಶಬ್ದ ನಿಲ್ಲಿಸಿ ಅಂತ. "ತುಮ್ಹಿ ಕೋಣ?" ಅಂದರು ಒಬ್ಬರು. ನೀವು ಯಾರು. ನಿಜವಾಗಿ ಅದು ಒಳ್ಳೆಯ ಪ್ರಶ್ನೆ. ಹಳ್ಳ ನನ್ನದಲ್ಲ, ಹಕ್ಕಿ ನನ್ನದಲ್ಲ. ಪಿನ್ ಮಾತ್ರ ನನ್ನದು. "ಲೊಕೇಶನ್ ಹಾಕಿದವಳು ನಾನೇ, ನನ್ನದೇ ತಪ್ಪು, ಅದು ಬೆಳಿಗ್ಗೆಯಿಂದ ಏನೂ ತಿಂದಿಲ್ಲ" ಅಂದೆ, ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ. ಕೆಲವರು ನಕ್ಕರು. ಒಬ್ಬ ವಯಸ್ಸಾದವರು ಟ್ರೈಪಾಡ್ ಮಡಿಸಿ ಹೊರಟರು, ಅವರ ಹಿಂದೆ ಇನ್ನೂ ನಾಲ್ಕೈದು ಜನ. ಒಂದಿಬ್ಬರು ಹೆಂಗಸರು ಇದ್ದರು, ಅವರಲ್ಲೊಬ್ಬರು ಸ್ಪೀಕರಿನವರ ಕೈಯಿಂದ ಅದನ್ನು ತೆಗೆದುಕೊಂಡು ಆಫ್ ಮಾಡಿದರು. ಉಳಿದವರು ಉಳಿದರು. ನಾನು ಗುಂಪಿನಲ್ಲಿದ್ದ ನನ್ನ ಸಂದೇಶ ಅಳಿಸಿದೆ, ಆದರೆ ಅದು ಆಗಲೇ ಎಷ್ಟು ಗುಂಪಿಗೆ ಹೋಗಿತ್ತೋ. ಅವತ್ತು ಸಂಜೆಯವರೆಗೂ ಕಾರು ಬರುತ್ತಿದ್ದವಂತೆ.

ಸೋಮವಾರ ಬೆಳಿಗ್ಗೆ ಹಕ್ಕಿ ಇರಲಿಲ್ಲ. ಹೋಗಲೇಬೇಕಾದ ಹಕ್ಕಿ, ಹೋಯಿತು. ಹೊಟ್ಟೆ ತುಂಬಿ ಹೋಯಿತೋ ಓಡಿಹೋಯಿತೋ ಅನ್ನುವುದಕ್ಕೆ ಯಾವ ಪುರಾವೆಯೂ ನನ್ನ ಹತ್ತಿರ ಇಲ್ಲ. ಶ್ರೀನಗರ ಅಲ್ಲಿಂದ 1,700 ಕಿಲೋಮೀಟರಿಗೂ ಹೆಚ್ಚು.

ಇದರಲ್ಲಿ ಒಂದು ಕಿರಿಕಿರಿಯ ಸಂಗತಿ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ನಾನು ಶನಿವಾರವೇ ಈಬರ್ಡ್ ಅನ್ನುವ ತಾಣದಲ್ಲಿ ದಾಖಲೆ ಹಾಕಿದ್ದೆ. ಅಲ್ಲಿ ವಿರಳ ಹಕ್ಕಿ ಬರೆದರೆ ಪರಿಶೀಲಕರು ಪ್ರಶ್ನೆ ಕೇಳುತ್ತಾರೆ. ನನಗೂ ಬಂತು, ಬಹಳ ಮರ್ಯಾದೆಯ ಪ್ರಶ್ನೆ: ನಿಮ್ಮ ಫೋಟೋದಲ್ಲಿ ಎದೆಯ ಬದಿಗೆ ಕಾಣುವ ಕಪ್ಪು, ನೆರಳು ಇರಬಹುದೇ? ವಯಸ್ಸಾದ ಗಂಡು ಕೆಂಪೆದೆಯಲ್ಲೂ ಕೆಂಪು ಸ್ವಲ್ಪ ಕೆಳಗೆ ಇಳಿದಿರುತ್ತದಲ್ಲ? ನಾನು ಅವ್ವ ಹೇಳಿದ ಇಳಕಲ್ ಸೀರೆಯ ಅಂಚನ್ನೇ ವಿವರಣೆಯಲ್ಲಿ ಬರೆದೆ, ಇಬ್ಬರು ನೋಡಿದ್ದೇವೆ ಅಂತಲೂ ಬರೆದೆ. ಆದರೆ ಕೊನೆಗೆ ದಾಖಲೆ ಗಟ್ಟಿಯಾದದ್ದು ಯುಗಾದಿಯ ದಿನ ಬಂದವರ ಫೋಟೋಗಳಿಂದ. ಎಷ್ಟು ಸ್ಪಷ್ಟ ಅಂದರೆ ಗರಿ ಗರಿ ಎಣಿಸಬಹುದು. ಸ್ಪೀಕರ್ ಹಾಕಿ ಕರೆದು, ಟೊಂಗೆ ಮುರಿದು ತೆಗೆದ ಫೋಟೋಗಳು. ಅವಿಲ್ಲದಿದ್ದರೆ ಅವ್ವನ ಹಕ್ಕಿ "ಬಹುಶಃ ಕೆಂಪೆದೆ" ಅಂತ ಆಗಿಹೋಗುತ್ತಿತ್ತು. ಇದನ್ನು ಹೇಗೆ ತೂಗಬೇಕು ಅಂತ ನನಗೆ ಇವತ್ತಿಗೂ ಬಗೆಹರಿದಿಲ್ಲ. ಒಂದು ಮಾತ್ರ ಅನ್ನಿಸುತ್ತದೆ: ಆ ಹಕ್ಕಿಗೆ ತನ್ನ ಹೆಸರು ದಾಖಲಾಗುವುದರಿಂದ ಆಗಬೇಕಾದ್ದು ಏನೂ ಇರಲಿಲ್ಲ. ಆ ಆಸೆ ನನ್ನದು.

ಈಗ ನಾನು ಮಾಡುವುದು ಇಷ್ಟು. ವಿರಳ ಹಕ್ಕಿ ಕಂಡರೆ ಅದು ಹೋದ ಮೇಲೆ ಬರೆಯುತ್ತೇನೆ. ಜಾಗವನ್ನು ತಾಲೂಕಿನ ಮಟ್ಟಕ್ಕೆ ಬರೆಯುತ್ತೇನೆ. ಪಿನ್ ಯಾರಿಗೂ ಕೊಡುವುದಿಲ್ಲ, ನಿಮಗೂ. ಗೊತ್ತಿರುವ ಒಬ್ಬಿಬ್ಬರನ್ನು ಫೋನ್ ಮಾಡಿ ಕರೆಯುತ್ತೇನೆ, ಬಂದರೆ ನಾವು ಕೂತ ಹಾಗೆ ಕೂರಬೇಕು. ಕೆಲವರಿಗೆ ಇದು ಜಿಪುಣತನ ಅನ್ನಿಸಿದೆ, ಮುಖದ ಮೇಲೆ ಹೇಳಿಯೂ ಇದ್ದಾರೆ.

ನಮ್ಮ ವೇದಿಕೆಯ ಸದಸ್ಯೆಯರಲ್ಲಿ ಏಳು ಜನ ಈ ವಸಂತದಲ್ಲಿ ನನ್ನ ಜೊತೆ ಬಂದಿದ್ದಾರೆ, ಅವರು ಇಲ್ಲೇ ಕೂತು ನಗುತ್ತಿದ್ದಾರೆ. ಯಾಕೆ ಹೆಂಗಸರೇ ಗುಂಪಾಗಿ ಹೋಗಬೇಕು ಅಂತ ಒಬ್ಬರ ಯಜಮಾನರು ಕೇಳಿದರಂತೆ. ಗುಡ್ಡದಲ್ಲಿ ಬೈನಾಕ್ಯುಲರ್ ಹಿಡಿದು ಒಬ್ಬಳೇ ನಿಂತ ಹೆಂಗಸನ್ನು ಹತ್ತು ನಿಮಿಷಕ್ಕೊಬ್ಬರು ನಿಂತು "ಕಾಯ ಬಘತಾಯ ಮ್ಯಾಡಂ?" ಅಂತ ಕೇಳುತ್ತಾರೆ, ಹಕ್ಕಿ ಅಂದರೆ ನಂಬುವುದಿಲ್ಲ, ಇನ್ನೂ ಹತ್ತಿರ ಬಂದು ನಿಲ್ಲುತ್ತಾರೆ. ಮೂರು ಜನ ಇದ್ದರೆ ಯಾರೂ ಕೇಳುವುದಿಲ್ಲ, ಅಷ್ಟೇ ಕಾರಣ. ಇನ್ನೊಂದು ಕಾರಣ ಶೌಚಾಲಯ. ಅದನ್ನು ಇಲ್ಲಿ ವಿವರಿಸುವುದು ಬೇಡ, ಎಲ್ಲರಿಗೂ ಗೊತ್ತಿದೆ. ಇಂಥ ಯಾವ ಅನುಕೂಲವೂ ಇಲ್ಲದ ಕಾಲದಲ್ಲಿ ಜಮಾಲ್ ಆರಾ ಎಂಬ ಹೆಂಗಸು ಈಗಿನ ಜಾರ್ಖಂಡಿನ ಕಾಡುಗಳಲ್ಲಿ ಹಕ್ಕಿಗಳನ್ನು ಅಧ್ಯಯನ ಮಾಡಿದರು. 1970ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಅವರ 'ವಾಚಿಂಗ್ ಬರ್ಡ್ಸ್' ಪ್ರಕಟಿಸಿತು, ಮಕ್ಕಳಿಗೆ ಈಗಲೂ ಕೊಡಬಹುದಾದ ಪುಸ್ತಕ. ದೆಹಲಿಯ ಉಷಾ ಗಂಗೂಲಿ ವರ್ಷಗಟ್ಟಲೆ ಆ ಊರಿನ ಹಕ್ಕಿಗಳನ್ನು ಟಿಪ್ಪಣಿ ಮಾಡಿ ಬರೆದ ಪುಸ್ತಕ ಬಂದದ್ದು 1975ರಲ್ಲಿ, ಅವರು ತೀರಿಕೊಂಡ ಮೇಲೆ. ಕನ್ನಡದಲ್ಲಿ ಶುರು ಮಾಡಬೇಕು ಅನ್ನುವವರಿಗೆ ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿ ಪುಕ್ಕ' ಇದೆ. ಬೈನಾಕ್ಯುಲರ್ ಕೊಳ್ಳುವುದಾದರೆ 8x42 ಅಂತ ಬರೆದಿರುವುದನ್ನು ಕೊಳ್ಳಿ, ಅದಕ್ಕಿಂತ ಹೆಚ್ಚಿನ ಪವರ್ ಇದ್ದರೆ ಕೈ ನಡುಗಿ ಹಕ್ಕಿ ಕುಣಿಯುತ್ತದೆ. ಕೊಳ್ಳದಿದ್ದರೂ ನಡೆಯುತ್ತದೆ, ಬಾಲ್ಕನಿಯಲ್ಲಿ ಹತ್ತು ನಿಮಿಷ ಕಿವಿ ಕೊಟ್ಟು ಕೂತರೆ ಸಾಕು. ಅವ್ವ ಶುರು ಮಾಡಿದ್ದು ಹಾಗೆಯೇ.

ಈ ವರ್ಷ ಮಾರ್ಚ್‌ನಲ್ಲಿ ಆ ಹಳ್ಳಕ್ಕೆ ಮತ್ತೆ ಹೋದೆವು. ಪರಾತದಷ್ಟು ನೀರು ಇತ್ತು. ಮುರಿದ ಟೊಂಗೆಯ ಪಕ್ಕದಿಂದ ಹೊಸ ಚಿಗುರು ಬಂದಿತ್ತು. ನಾಲ್ಕು ಶನಿವಾರ ಕೂತೆವು. ಕಾಶ್ಮೀರದ್ದು ಬರಲಿಲ್ಲ. ಮಾಮೂಲಿ ಕೆಂಪೆದೆ ನೊಣಹಿಡುಕ ಎರಡು ಬಂದವು, ಎಲೆ ಉಲಿಯಕ್ಕಿಗಳು ಬಂದವು. ಕೊನೆಯ ಶನಿವಾರ ಒಂದು ಕೆಂಪೆದೆ ನಮ್ಮಿಂದ ನಾಲ್ಕು ಮಾರು ದೂರದಲ್ಲಿ ಒಂದು ಗಂಟೆ ಹುಳ ಹಿಡಿದು ಹಿಡಿದು ತಿಂದಿತು. ಅವ್ವ ಎಣಿಸುತ್ತಿದ್ದಳು, ಅರವತ್ತರವರೆಗೆ ಎಣಿಸಿ ಲೆಕ್ಕ ತಪ್ಪಿತು ಅಂದಳು. ನಾನು ಫೋನ್ ತೆಗೆಯಲು ಚೀಲಕ್ಕೆ ಕೈ ಹಾಕಿದೆ. ಅವ್ವ ನೋಡದೆಯೇ ನನ್ನ ಕೈ ಮೇಲೆ ಒಂದು ಏಟು ಕೊಟ್ಟು, "ಉಣ್ಣಲಿ ತಡೀ" ಅಂದಳು.

ಚಹಾ ಆರುತ್ತಿದೆ ಅಂತ ಸಂಚಾಲಕಿಯವರು ಸನ್ನೆ ಮಾಡುತ್ತಿದ್ದಾರೆ.